ಇಲ್ಲ ಎನ್ನಲು ಕಲಿಸಿದ ಸೂರಕ್ಕಿ

ಶೇಂಗಾ ಹುರಿಯುವ ವಾಸನೆ ಬಂದರೆ ಈಗಲೂ ನನ್ನ ಕತ್ತು ತಾನಾಗಿ ಗಟ್ಟಿಯಾಗುತ್ತದೆ ನೋಡಿ. ಇವತ್ತು ಬೆಳಿಗ್ಗೆ ಲೀಡ್ಸ್‌ನ ಈ ಚಳಿಯಲ್ಲಿ ಪಕ್ಕದ ಮನೆಯ ಕಿಟಕಿಯಿಂದ ಆ ವಾಸನೆ ಬಂತು. ನಾನು ಕಾಫಿ ಲೋಟ ಹಿಡಿದುಕೊಂಡೇ ಬರ್ಮಿಂಗ್‌ಹ್ಯಾಮಿಗೆ, ಹಾರ್ಬೋರ್ನ್‌ನ ಸುನಂದಕ್ಕನ ಅಡುಗೆಮನೆಗೆ ಹೋಗಿಬಿಟ್ಟೆ.

ಸುನಂದಕ್ಕ ಧಾರವಾಡದವರು, ಆಸ್ಪತ್ರೆಯಲ್ಲಿ ನರ್ಸ್. ಅವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದು ನಾನು ಪಿಎಚ್‌ಡಿ ಮಾಡುತ್ತಿದ್ದೆ. ವಿಷಯ ಆಫ್ರಿಕಾದ ಒಂದು ಸೂರಕ್ಕಿ. ನಮ್ಮೂರ ದಾಸವಾಳಕ್ಕೆ ಬಾಗಿದ ಕೊಕ್ಕು ತೂರಿಸಿ ಮಕರಂದ ಹೀರುವ ಪುಟ್ಟ ಹಕ್ಕಿ ಇದೆಯಲ್ಲ, ಅದರದೇ ದಾಯಾದಿ. ಹಸಿರು ತಲೆ, ಎದೆಗೊಂದು ಕೆಂಪು ಪಟ್ಟಿ. ಅಲ್ಲಿನ ಒಂದು ಬೆಟ್ಟದ ತಪ್ಪಲಿನ ತೋಟ, ಪೊದೆಗಳಲ್ಲಿ ಒಂದು ಬಗೆಯದು. ಮೇಲೆ ಮಂಜು ಕವಿದ ಕಾಡಿನಲ್ಲಿ ಇನ್ನೊಂದು. ಪುಸ್ತಕಗಳೆಲ್ಲ ಎರಡನ್ನೂ ಒಂದೇ ಪ್ರಭೇದ ಎಂದಿದ್ದವು. ಅಲ್ಲ, ಮೇಲಿನದು ಬೇರೆಯೇ ಪ್ರಭೇದ ಎಂಬುದು ನನ್ನ ವಾದ. ಅದು ಬಿದ್ದರೆ ಪಿಎಚ್‌ಡಿಯೂ ಬಿದ್ದಂತೆಯೇ.

ತೊಂದರೆ ಇದ್ದದ್ದು ಹಕ್ಕಿಯಲ್ಲಲ್ಲ, ನನ್ನ ಕತ್ತಿನಲ್ಲಿ. ಮೈಸೂರಿನಲ್ಲಿ ಬೆಳೆದ ನನಗೆ ಹಿರಿಯರು ಬಾಯಿ ತೆರೆದರೆ ಸಾಕು, ತಲೆಯಾಡಿಸಿ “ಹೌದು ಸರ್” ಎನ್ನುವ ಚಾಳಿ. ಒಪ್ಪಿಗೆಯೆಂದಲ್ಲ, ಮರ್ಯಾದೆಗೆ. ಅದನ್ನು ಇಂಗ್ಲೆಂಡಿನವರಿಗೆ ಬಿಡಿಸಿ ಹೇಳುವವರು ಯಾರು? ಇದೇ ಚಾಳಿಯಿಂದ ಇಲ್ಲಿನ ಕ್ಷೌರದಂಗಡಿಯಲ್ಲಿ ಅರ್ಧ ಬೋಳಾಗಿ ಎದ್ದು ಬಂದದ್ದೂ ಉಂಟು.

ವೈವಾ, ಅಂದರೆ ಪಿಎಚ್‌ಡಿಯ ಮೌಖಿಕ ಪರೀಕ್ಷೆ, ಹತ್ತಿರ ಬಂದಾಗ ಒಂದು ಸಂಜೆ ಸುನಂದಕ್ಕ ಚಟ್ನಿಪುಡಿಗೆಂದು ಶೇಂಗಾ ಹುರಿಯುತ್ತ ಕೇಳಿದರು. “ತಮ್ಮಾ, ಆ ಎರಡೂ ಹಕ್ಕಿ ಒಂದ ಅದಾವಲ್ಲ?”

“ಹೌದಕ್ಕ, ಆದ್ರೆ...”

“ಮುಗೀತು. ನೀ ಫೇಲ್. ಇಷ್ಟು ವರ್ಷ ಗುಡ್ಡಾ ಹತ್ತಿದ್ದೆಲ್ಲಾ ನೀರಾಗ ಹೋಮ.”

ಅಂದಿನಿಂದ ನನಗೆ ಅಡುಗೆಮನೆಯಲ್ಲೇ ತಾಲೀಮು. ಅವರು ಬೇಕೆಂದೇ ತಪ್ಪು ಹೇಳುವುದು, ನಾನು ಕತ್ತು ಬಿಗಿಹಿಡಿದು “ಇಲ್ಲ” ಎನ್ನಬೇಕಾದದ್ದು. “ಉಪ್ಪಿಟ್ಟಿಗೆ ಉಪ್ಪು ಬ್ಯಾಡಲ್ಲ?” ಎಂದರೆ “ಹೌದಕ್ಕ” ಎಂದು, ಸಪ್ಪೆ ಉಪ್ಪಿಟ್ಟು ತಿಂದೆ. ಸಕ್ಕರೆಯಿಲ್ಲದ ಚಹಾ ಕುಡಿದೆ. ಕೊನೆಗೊಂದು ದಿನ ಅವರು ತಣ್ಣಗೆ, “ನಿಮ್ಮ ಮೈಸೂರುಪಾಕಕ್ಕಿಂತ ನಮ್ಮ ಪೇಡೆ ಛಲೋ, ಹೌದಲ್ಲ?” ಎಂದರು.

“ಇಲ್ಲ!” ಎಂದುಬಿಟ್ಟೆ. ನನ್ನ ಧ್ವನಿಗೆ ನಾನೇ ಬೆಚ್ಚಿದೆ.

“ಹಾಂ, ಹಿಂಗ. ಹಕ್ಕೀ ಮಾತಿಗೂ ಹಿಂಗ ಹೇಳು,” ಎಂದು ಸುನಂದಕ್ಕ ಸೌಟು ಕೆಳಗಿಟ್ಟು ನಕ್ಕರು.

ವೈವಾದ ದಿನ ಎದುರಿಗೆ ಕೂತ ಹಿರಿಯ ಪರೀಕ್ಷಕರು ಎರಡೂ ಒಂದೇ ಎಂದು ಬರೆದವರಲ್ಲೊಬ್ಬರು. ಕನ್ನಡಕ ತೆಗೆದು ಮೃದುವಾಗಿ ಹೇಳಿದರು: “ಇರುವ ಜಾಗ ಬೇರೆ, ಅಷ್ಟೇ. ಹಕ್ಕಿ ಒಂದೇ. ಒಪ್ಪುತ್ತೀರಲ್ಲ?” ನನ್ನ ಕತ್ತು ಆಗಲೇ ಅರ್ಧ ದಾರಿ ಹೊರಟಿತ್ತು. ಅಲ್ಲೇ ತಡೆದೆ.

“ಇಲ್ಲ,” ಎಂದೆ. ಸಣ್ಣಗೆ ಬಂತೆನಿಸಿ ಇನ್ನೊಮ್ಮೆ ಗಟ್ಟಿಯಾಗಿ ಎಂದೆ.

ಆಮೇಲೆ ಮಾತು ತಡೆಯಲಿಲ್ಲ. ತಪ್ಪಲಿನ ಹಕ್ಕಿಯ ಹಾಡನ್ನು ರೆಕಾರ್ಡ್ ಮಾಡಿ ಮೇಲಿನ ಕಾಡಿನ ಗಂಡುಹಕ್ಕಿಗೆ ಕೇಳಿಸಿದರೆ ಅದು ಕೊಂಬೆಗೆ ಕೊಕ್ಕು ಒರೆಸಿಕೊಳ್ಳುತ್ತ ಸುಮ್ಮನೆ ಕೂತಿತ್ತು. ತನ್ನದೇ ಕಾಡಿನ ಹಾಡು ಕೇಳಿಸಿದ್ದೇ ತಡ, ಜಾಗಕ್ಕೆ ಪೈಪೋಟಿಗೆ ಬಂದೆನೆಂದು ನನ್ನ ಟೋಪಿಗೇ ಎರಗಿತು. ಕಾಡಿನಲ್ಲಿ ಹೂ ಮುಗಿದ ತಿಂಗಳಲ್ಲೂ ಅದು ತೋಟಕ್ಕೆ ಇಳಿಯದು. ಜೇಡ ಹಿಡಿದು ತಿಂದುಕೊಂಡು ಮೇಲೆಯೇ ಇರುತ್ತದೆ. ಇದನ್ನೆಲ್ಲ ಹೇಳಿದೆ. ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟೆ. ಕೊನೆಗೆ ಅವರು ಎದ್ದು ಕೈ ಚಾಚಿದರು. “ತಪ್ಪು ನನ್ನದು. ಅದು ಬೇರೆಯೇ ಹಕ್ಕಿ,” ಎಂದರು. ಅವತ್ತಿನಷ್ಟು ಹಿಗ್ಗು ನನಗೆ ಮತ್ತೆಂದೂ ಆಗಿಲ್ಲ.

ಆಸ್ಪತ್ರೆಯ ಪಾಳಿ ಬದಲಿಸಿಕೊಂಡು ಸುನಂದಕ್ಕ ಮನೆ ಬಾಗಿಲಲ್ಲೇ ಕಾಯುತ್ತಿದ್ದರು. ನನ್ನ ಮುಖ ನೋಡಿದವರೇ ಬಾಯಿಗೊಂದು ಪೇಡೆ ತುರುಕಿದರು.

ಲೀಡ್ಸ್‌ನಲ್ಲಿ ನನ್ನ ಕೈಯ ಕಾಫಿ ಆರಿತ್ತು. ಮೇಜಿನ ಮೇಲೆ ನಿನ್ನೆಯಷ್ಟೇ ಬಂದ, ಆಫ್ರಿಕಾದ ಹಕ್ಕಿಗಳ ಹೊಸ ಪುಸ್ತಕ. ನನ್ನ ಸೂರಕ್ಕಿಗೆ ಅದರಲ್ಲಿ ಬೇರೆ ಹೆಸರು, ಬೇರೆ ಚಿತ್ರ. ಪಕ್ಕದ ನಕಾಶೆಯಲ್ಲಿ ಅದರ ನೆಲೆ ತೋರಿಸಲು ಸಾಸಿವೆಯಷ್ಟು ಹಸಿರು ಚುಕ್ಕೆ. ಫೋಟೊ ತೆಗೆದು ಸುನಂದಕ್ಕನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

“ಚುಕ್ಕಿ ಇಷ್ಟಽ ಏನೋ ತಮ್ಮಾ? ಭಾಳ ಸಣ್ಣದಾತಲ್ಲ?”

“ಇಲ್ಲಕ್ಕ,” ಎಂದೆ. “ಅದು ಇಡೀ ಬೆಟ್ಟ.”