ಹಚ್ಚಿ ನೋಡ್ರಿ, ಮಾಸ್ತರ್ರ

ರಿಪೇರಿ ಚಾಚಾನ ಎಡಗೈ ಹೆಬ್ಬೆರಳಿನ ಉಗುರೊಂದೇ ಉದ್ದ. ಉಳಿದ ಒಂಬತ್ತನ್ನೂ ಶುಕ್ರವಾರ ತಪ್ಪದೆ ಕತ್ತರಿಸಿಕೊಳ್ಳುತ್ತಿದ್ದರು, ಅದೊಂದನ್ನು ಮಾತ್ರ ಬೆಳೆಯಲು ಬಿಟ್ಟಿದ್ದರು. ಹಳದಿ ಬಣ್ಣದ, ತುದಿಯಲ್ಲಿ ಚೂರು ಸೀಳಿದ ಉಗುರು. ರೇಡಿಯೋದ ಹಿಂದಿನ ಹಲಗೆ, ಟೇಪ್ ರೆಕಾರ್ಡರಿನ ಮುಚ್ಚಳ, ಲ್ಯಾಪ್‌ಟಾಪಿನ ತಳ, ಎಲ್ಲವನ್ನೂ ಅದರಿಂದಲೇ ಮೀಟಿ ತೆಗೆಯುತ್ತಿದ್ದರು. "ಸ್ಕ್ರೂ ಡ್ರೈವರ್ ಹಾಕಿದ್ರ ಗೀರ ಬೀಳತೈತ್ರಿ. ಮಂದಿ ಸಾಮಾನಕ್ಕ ನಾವ್ಯಾಕ ಗಾಯ ಮಾಡೂದು?" ಎನ್ನುವರು. ಅಂಥ ಕೈಯಿಂದಲೇ ನಮ್ಮ ಮನೆಗೆ ಆ ಗಾಯ ಆಯಿತೆಂದು ನಾನು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಅದು ಪೂರ್ತಿ ಖರೆಯಲ್ಲ. ಖರೆ ಏನೆಂದು ಹೇಳಲಿಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಬೆಟಗೇರಿಯಲ್ಲಿ, ಸೀರೆ ನೇಯುವವರ ಓಣಿಯ ಬಾಯಿಗೆ ಅವರ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟು ಜಾಗ. ನಾನು ಅಸುಂಡಿಯ ಹುಡುಗನಾಗಿದ್ದಾಗ ಅಪ್ಪನ ಜೊತೆ ರೇಡಿಯೋ ಹೊತ್ತು ಅಲ್ಲಿಗೆ ಹೋದವನು. ಆಗ ಅವರ ಗಡ್ಡ ಇನ್ನೂ ಕಪ್ಪಗಿತ್ತು. ರೇಡಿಯೋವನ್ನು ಕಿವಿಗೆ ಹಿಡಿದು ಸುಮ್ಮನೆ ಅಲ್ಲಾಡಿಸಿ, ಒಳಗೆ ಏನು ಬಿಚ್ಚಿಕೊಂಡಿದೆಯೆಂದು ಹೇಳುತ್ತಿದ್ದರು. ರಿಪೇರಿ ಮುಗಿದ ಮೇಲೆ ತಾವಾಗಿ ಎಂದೂ ಗುಂಡಿ ತಿರುಗಿಸಿದವರಲ್ಲ. ಸೆಟ್ಟನ್ನು ಗಿರಾಕಿಯ ಮುಂದೆ ಸರಿಸಿ, ಕೈ ಒರೆಸಿಕೊಂಡು, "ಹಚ್ಚಿ ನೋಡ್ರಿ. ಸೆಟ್ ನಿಮ್ದು, ಮೊದಲ್ನೇ ದನಿ ನಿಮ್ಮ ಕೈಲೇನ ಬರ್ಬೇಕು" ಎನ್ನುವರು. ಅಪ್ಪ ಗುಂಡಿ ತಿರುಗಿಸಿದಾಗ ಒಳಗಿನಿಂದ ವಾರ್ತೆ ಓದುವವರ ದನಿ ಎದ್ದು ಬಂತು. ಚಾಚಾ ತಾವೇ ವಾರ್ತೆ ಓದಿದವರಂತೆ ತಲೆ ತಗ್ಗಿಸಿ ನಕ್ಕರು.

ಹೊರಡುವಾಗ ಒಂದು ಉಪದೇಶ ಇದ್ದೇ ಇರುತ್ತಿತ್ತು. "ಸೆಲ್ ಒಳಗ ಬಿಡಬ್ಯಾಡ್ರಿ, ಸೋರತಾವು. ಕೆಲಸ ಮುಗೀತಂದ್ರ ತಗದಿಡ್ರಿ." ನಮ್ಮ ಕಡೆಯ ಮನೆಗಳಲ್ಲಿ ಇದು ವೇದವಾಕ್ಯ. ಟಾರ್ಚಿನ ಸೆಲ್ಲು, ಗಡಿಯಾರದ ಸೆಲ್ಲು, ಎಲ್ಲವೂ ಗೂಡಿನಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿರುತ್ತಿದ್ದವು. ಮುಂದೆ ನಾನು ಹುಲಕೋಟಿಯಲ್ಲಿ ಮಾಸ್ತರನಾದೆ, ಮದುವೆಯಾದೆ, ಮಗಳನ್ನು ಮುಂಡರಗಿಗೆ ಕೊಟ್ಟೆ. ಅವಳು ಕಾಲೇಜಿನಲ್ಲಿ ಬಳಸಿದ ಲ್ಯಾಪ್‌ಟಾಪು ನಮ್ಮ ಮನೆಯಲ್ಲೇ ಉಳಿಯಿತು. ಅಷ್ಟು ಹೊತ್ತಿಗೆ ಚಾಚಾ ಕಂಪ್ಯೂಟರಿಗೂ ಕೈ ಹಾಕಿದ್ದರು. "ಲೈಟ್ ಇದ್ದಾಗ ಬ್ಯಾಟ್ರಿ ತಗದಿಟ್ಟು ವಾಯರ್ ಮ್ಯಾಲೆ ನಡಸ್ರಿ ಮಾಸ್ತರ್ರ, ಬ್ಯಾಟ್ರಿ ಬಾಳ ದಿನ ಬಾಳತೈತಿ" ಎಂದರು. ವಿಜ್ಞಾನ ಕಲಿಸುವ ನಾನು ಹಾಗೇ ಮಾಡಿದೆ. ಬ್ಯಾಟರಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಅಲಮಾರಿಯಲ್ಲಿಟ್ಟೆ.

ನನ್ನ ಹೆಂಡತಿಯ ಗಂಟಲಲ್ಲಿ ಗಂಟು ಕಂಡದ್ದು ಆ ವರ್ಷವೇ. ಹುಬ್ಬಳ್ಳಿಯ ಡಾಕ್ಟರು ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು. ಆಪರೇಷನ್ನಿಗೆ ಹನ್ನೊಂದು ದಿನ ಇತ್ತು. ಲಕ್ಷ್ಮೇಶ್ವರದ ಹೆಣ್ಣುಮಗಳು, ಮಾತಿನ ಮಲ್ಲಿ. ಅಳಲಿಲ್ಲ. ಲ್ಯಾಪ್‌ಟಾಪು ಮುಂದಿಟ್ಟುಕೊಂಡು, ರೆಕಾರ್ಡಿಂಗ್ ಹಚ್ಚಿ, ಹನ್ನೊಂದು ದಿನವೂ ಅದರೊಳಗೆ ಮಾತಾಡಿದಳು. ಮಗಳ ಹೊಟ್ಟೆಯಲ್ಲಿದ್ದ ಕೂಸಿಗೆ ಜೋಗುಳ, ಕೆಂಪು ಮೆಣಸಿನಕಾಯಿಯ ಹಿಂಡಿ ಕುಟ್ಟುವ ಕ್ರಮ, ನಳದ ನೀರು ಬಿಡುವವನಿಗೆ ಬೈಗುಳ, ನಡುನಡುವೆ ಕೆಮ್ಮು. ಕೊನೆಯ ದಿನ ಒಡಪು ಕಟ್ಟಿ ನನ್ನ ಹೆಸರು ಹೇಳಿದಳು. ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಬರೀ ಬಾಯಲ್ಲಿ ಹೇಳುವುದಿಲ್ಲ, ಪ್ರಾಸದ ಒಡಪಿನೊಳಗೆ ಸುತ್ತಿ ಹೇಳುತ್ತಾಳೆ. ಮದುವೆಯ ದಿನ ಒಮ್ಮೆ ಹೇಳಿದ್ದಳು. ಅದಾದ ಮೇಲೆ ಅವತ್ತೇ.

ಆಪರೇಷನ್ ಆದ ಮೇಲೆ ಕೊರಳ ತೂತಿನಿಂದ ಉಸಿರು, ಕೈಯಲ್ಲಿ ಪಾಟಿ ಬಳಪ. ಆದರೂ ಮನೆ ಮೂಕವಾಗಲಿಲ್ಲ. ರೊಟ್ಟಿ ಬಡಿದು ಮುಗಿಸಿ ಲ್ಯಾಪ್‌ಟಾಪಿನ ಗುಂಡಿ ಒತ್ತುತ್ತಿದ್ದಳು, "ಏನ್ರೀ, ಊಟಕ್ಕ ಬರ್ರಿ, ಆರತೈತಿ" ಎಂದು ಅವಳದೇ ದನಿ ಕರೆಯುತ್ತಿತ್ತು. ನಾನು "ಬಂದೆ" ಎನ್ನುತ್ತಿದ್ದೆ. ನೋಡಿದವರಿಗೆ ನಗು ಬರಬಹುದು. ನಮಗೆ ಅದೇ ಸಂಸಾರವಾಗಿತ್ತು. ಇನ್ನೊಂದು ಕಡೆ ಕಾಪಿ ಮಾಡಿಡಬೇಕು, ಪೆನ್ ಡ್ರೈವ್ ತರಬೇಕು ಎಂದು ದಿನಾ ಅಂದುಕೊಂಡೆ, ದಿನಾ ಮರೆತೆ. ನನ್ನಂಥ ದಡ್ಡನಿಗೆ ಸರ್ಕಾರ ಮಾಸ್ತರಕಿ ಕೊಟ್ಟಿತ್ತು.

ಒಂದು ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪು ತಾನಾಗಿ ಅಪ್‌ಡೇಟ್ ಶುರು ಮಾಡಿತು. ಆಫ್ ಮಾಡಬೇಡಿ ಎಂದು ಪರದೆಯ ಮೇಲೆ ಬರೆದುಕೊಂಡಿತ್ತು. ನಾವು ಮಾಡಲಿಲ್ಲ. ಲೈಟೇ ಹೋಯಿತು. ಬ್ಯಾಟರಿ ಇದ್ದದ್ದು ಅಲಮಾರಿಯಲ್ಲಿ, ಪಂಚೆಯೊಳಗೆ. ಲೈಟು ಬಂದ ಮೇಲೆ ಒತ್ತಿದರೆ ಕಪ್ಪು ಪರದೆ, ಅದರ ನಡುವೆ ಚುಕ್ಕಿಗಳ ಒಂದು ವೃತ್ತ ಗರಗರ ತಿರುಗುತ್ತದೆ, ಆರುತ್ತದೆ, ಮತ್ತೆ ತಿರುಗುತ್ತದೆ. ಹೆಂಡತಿ ಪಾಟಿಯ ಮೇಲೆ ಬರೆದಳು: "ಚಾಚಾನ ಕಡೆ ಒಯ್ರಿ."

ಒಯ್ದೆ. ಒಳಗೆ ಏನಿದೆಯೆಂದು ಬಿಡಿಸಿ ಹೇಳಿದೆ. ಚಾಚಾ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ನನ್ನ ಮುಖ ನೋಡಿ, "ಫಿಕರ್ ಮಾಡಬ್ಯಾಡ್ರಿ. ಮೊದಲ ಮಶಿನ್ ಚಾಲೂ ಆಗ್ಲಿ, ದನಿ ಎಲ್ಲಿ ಹೋಗತೈತಿ? ಮೊನ್ನೆ ನಮ್ಮ ಬೀಗರ ಫೋನ್ ಕಳೀತು. ಹೊಸಾ ಫೋನಿಗೆ ನಂಬರ್ ಹಾಕಿದ್ರು, ಹಳೇ ಫೋಟೋ ಎಲ್ಲಾ ತಾವ ಬಂದೂವು ನೋಡ್ರಿ" ಎಂದರು. ನಾನು ತಲೆಯಾಡಿಸಿದೆ. ನಲವತ್ತು ವರ್ಷ ರೇಡಿಯೋ ನೋಡಿದ ಮನುಷ್ಯ. ಅವರ ಲೆಕ್ಕದಲ್ಲಿ ದನಿ ಇರುವುದು ಬೇರೆಲ್ಲೋ, ಪೆಟ್ಟಿಗೆ ಅದನ್ನು ಹಿಡಿದು ಕೊಡುತ್ತದೆ ಅಷ್ಟೆ. ಪೆಟ್ಟಿಗೆಯ ಒಳಗಿನದೆಲ್ಲ ಬದಲಿಸಿದರೂ ಧಾರವಾಡ ಕೇಂದ್ರ ಧಾರವಾಡದಲ್ಲೇ ಇರುತ್ತದಲ್ಲ. ಇದು ಹಾಗಲ್ಲ, ಇದರ ದನಿ ಇದರ ಹೊಟ್ಟೆಯಲ್ಲೇ ಇದೆ, ಬೇರೆಲ್ಲೂ ಇಲ್ಲ ಎಂದು ತಿಳಿಸಿ ಹೇಳಬೇಕಾದವನು ನಾನು. ಅವರ ಧೈರ್ಯದ ಮಾತು ಬೇಕಾಗಿತ್ತು ನನಗೆ. ಅದನ್ನೇ ನಂಬಿ ಎದ್ದು ಬಂದೆ.

ಮೂರು ದಿನ ಒದ್ದಾಡಿದರು. ಒಳಗಿನ ಪಟ್ಟಿಗಳನ್ನು ತೆಗೆದು ರಬ್ಬರಿನಿಂದ ಉಜ್ಜಿ ಹಾಕಿದರು. ಸಿಡಿ ಹಾಕಿ ಸರಿಮಾಡಲು ನೋಡಿದರು. ವೃತ್ತ ತಿರುಗುವುದು ನಿಲ್ಲಲಿಲ್ಲ. ನಾಲ್ಕನೆಯ ದಿನ ನಾನು ಹತ್ತನೇ ಇಯತ್ತೆಯ ಕ್ಲಾಸಿನಲ್ಲಿದ್ದಾಗ ಫೋನು ಬಂತು.

"ಮಾಸ್ತರ್ರ, ಎಲ್ಲಾ ಮಾಡಿ ನೋಡಿದೆ, ಕೇಳವಲ್ದು. ಹಳೇದೆಲ್ಲಾ ತಗದು ಹೊಸಾದು ಹಾಕಿದ್ರ ಚಾಲೂ ಆಗತೈತಿ. ಹಾಕ್ಲೇನ್ರಿ?"

"ಹ್ಞೂಂ, ಹಾಕ್ರಿ ಚಾಚಾ. ಹೆಂಗರ ಮಾಡಿ ಚಾಲೂ ಮಾಡ್ರಿ. ನಾ ಕ್ಲಾಸಿನ್ಯಾಗ ಇದೀನಿ" ಎಂದು ಫೋನು ಇಟ್ಟೆ.

ಅಷ್ಟೇ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಹಳೆಯದೆಲ್ಲ ತೆಗೆಯುವುದೆಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿರಬೇಕಿತ್ತು. ಬೋರ್ಡಿನ ಮೇಲೆ ಅರ್ಧ ಬಿಡಿಸಿದ ಚಿತ್ರವಿತ್ತು, ಅದನ್ನು ಪೂರ್ತಿ ಮಾಡಿದೆ.

ಸಂಜೆ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಚಾಚಾ ಅವಳಿಗೆ ಸ್ಟೂಲು ಕೊಟ್ಟರು. ಒರೆಸಿ ಫಳಫಳ ಮಾಡಿದ ಲ್ಯಾಪ್‌ಟಾಪನ್ನು ಅವಳ ಮುಂದೆ ಸರಿಸಿ, "ಅಕ್ಕಾರ, ಇವತ್ತ ನೀವ ಹಚ್ಚ್ರಿ" ಎಂದರು. ಅವಳು ಒತ್ತಿದಳು. ಪರದೆ ಬೆಳಗಿತು, ಹೊಸ ಮಶಿನ್ನಿನ ಸಂಗೀತ ಬಂತು. ಚಾಚಾ ತಲೆ ತಗ್ಗಿಸಿ ನಕ್ಕರು, ಅಪ್ಪನ ರೇಡಿಯೋದ ದಿನದ ಅದೇ ನಗು. ಅವಳು ಹುಡುಕಿದಳು. ನಾನು ಹುಡುಕಿದೆ. ಒಳಗೆ ಏನೂ ಇರಲಿಲ್ಲ. ತೊಳೆದಿಟ್ಟ ಪಾತ್ರೆಯಂತೆ ಖಾಲಿ.

"ಬರತಾವ ತಡೀರಿ, ನಂಬರ್ ಗಿಂಬರ್ ಕೇಳತೈತೇನೋ" ಎಂದ ಚಾಚಾನ ಮುಖದ ನಗು ನಿಧಾನ ಇಳಿಯಿತು.

ನಾನು ಕೂಗಾಡಿದೆ. ಓಣಿಯ ಮಂದಿ ಮಗ್ಗ ನಿಲ್ಲಿಸಿ ಬಂದು ನೋಡುವಷ್ಟು ಕೂಗಾಡಿದೆ. "ಏನ್ ಮಾಡಿಟ್ರಿ ಚಾಚಾ? ರೇಡಿಯೋ ಬಿಟ್ಟ ಬ್ಯಾರೆ ತಿಳೀದಿದ್ರ ಯಾಕ ಕೈ ಹಾಕ್ತೀರಿ? ನಮ್ಮ ಮನೀ ಹಾಳ ಮಾಡಿದ್ರಲ್ರೀ!" ನಾ ಕೇಳೇ ಮಾಡಿದ್ನಲ್ರಿ ಮಾಸ್ತರ್ರ, ನೀವ ಹ್ಞೂಂ ಅಂದಿದ್ರಲ್ರಿ, ಎಂದು ಅವರು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ನನ್ನ ಹೆಂಡತಿಯ ಕಡೆ ಕೈಮುಗಿದು ನಿಂತರು. "ಇದನ್ನ ನೀವ ಇಟ್ಕೊಂಡ ಪೂಜಿ ಮಾಡ್ರಿ" ಎಂದು ಲ್ಯಾಪ್‌ಟಾಪು ಅಲ್ಲೇ ಬಿಟ್ಟು ಬಂದೆ. ದಾರಿಯಲ್ಲಿ ಅವಳು ಪಾಟಿಯ ಮೇಲೆ ಬರೆದು ತೋರಿಸಿದಳು: "ಅಳಸೂಕಿಂತ ಮೊದಲ ಅವ್ರು ನಿಮ್ಮನ್ನ ಕೇಳಲಿಲ್ಲೇನು?"

"ಇಲ್ಲ" ಎಂದೆ.

ಆಮೇಲೆ ಊಟಕ್ಕೆ ಕರೆಯಲು ಅವಳು ತಾಟಿಗೆ ಸೌಟು ಬಡಿಯತೊಡಗಿದಳು. ನಾನು "ಬಂದೆ" ಎನ್ನುವುದನ್ನು ಬಿಟ್ಟುಬಿಟ್ಟೆ. ಮೊಮ್ಮಗ ಹುಟ್ಟಿದ. ತೊಟ್ಟಿಲಿನ ಬಳಿ ಅವಳು ಕೈಯಿಂದ ತಾಳ ಹಾಕಿದಳು, ಜೋಗುಳ ಬೇರೆಯವರು ಹಾಡಿದರು. ಬೆಟಗೇರಿಯ ಆ ಓಣಿಗೆ ನಾನು ಕಾಲಿಡಲಿಲ್ಲ. ಚಾಚಾ ಗಿರಾಕಿಗಳ ಕಂಪ್ಯೂಟರ್ ಮುಟ್ಟುವುದನ್ನು ಬಿಟ್ಟರಂತೆ, ಕೆಲಸ ಕಡಿಮೆಯಾಯಿತಂತೆ, ಆಗಾಗ ಹುಬ್ಬಳ್ಳಿಗೆ ಹೋಗಿ ಬರುತ್ತಾರಂತೆ ಎಂದು ಖಬರು ಬರುತ್ತಿತ್ತು. ಹುಬ್ಬಳ್ಳಿಗೆ ಯಾಕೆಂದು ನಾನು ಕೇಳಲಿಲ್ಲ. ಒಂದು ಸಲ ಗದಗದ ಬಸ್ ಸ್ಟ್ಯಾಂಡಿನಲ್ಲಿ ಎದುರಾದರು. ಬಹಳ ಸೊರಗಿದ್ದರು, ಮಾತಿಗೊಮ್ಮೆ ಕೆಮ್ಮು. "ಅಕ್ಕಾರು ಆರಾಮ ಅದಾರೇನ್ರಿ?" ಎಂದರು. "ಅದಾರ" ಎಂದೆ. ಅಲ್ಲೇ, ಆಗಲೇ, ತಪ್ಪು ನಂದೂ ಐತಿ ಚಾಚಾ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಬಸ್ಸು ಬಂತು, ಹತ್ತಿಬಿಟ್ಟೆ. ಥೂ ನನ್ನ!

ಹೋದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ನಲವತ್ತು ದಿನದ ಕಾರ್ಯ ಮುಗಿದ ಮೇಲೆ ಅವರ ಹೆಂಡತಿ ಚಾಚಿ ನಮ್ಮ ಮನೆಗೆ ಬಂದರು. ಅವರ ಕೈಚೀಲದಲ್ಲಿ ನಮ್ಮ ಲ್ಯಾಪ್‌ಟಾಪು, ಒಂದು ಹೆಡ್‌ಫೋನು, ಒಂದು ಇನ್ನೂರು ಪುಟದ ನೋಟುಬುಕ್ಕು. "ಅಳಿಸಿದ್ದರಾಗ ಚೂರುಪಾರು ವಾಪಸ್ ತಗೀಬಹುದಂತ ಹುಬ್ಬಳ್ಳ್ಯಾಗ ಯಾರೋ ಹೇಳಿದ್ರಂತ್ರಿ. ಹೋಗಿ ಕಲತ್ ಬಂದ್ರು. ದಿನಾ ನಮಾಜ್ ಆದ ಮ್ಯಾಲೆ ಇದನ್ನ ಕಿವಿಗೆ ಹಾಕ್ಕೊಂಡ ಕುಂಡ್ರತಿದ್ರು. ಸಿಕ್ಕರ ಅಷ್ಟ ಒಯ್ದು ಕೊಡ್ತೇನಿ, ಬರಿಗೈಲೆ ಹೆಂಗ ಹೋಗ್ಲಿ ಅಂತಿದ್ರು" ಎಂದರು. ಚಹಾ ಕುಡಿದು ಹೊರಟುಹೋದರು.

ನೋಟುಬುಕ್ಕು ತೆರೆದೆ. ದುಂಡನೆಯ ಕನ್ನಡ ಅಕ್ಷರ. ಎಡಕ್ಕೆ ವಾಪಸ್ ತೆಗೆದ ದನಿಯ ಚೂರಿನ ನಂಬರು, ಬಲಕ್ಕೆ ಅವರ ಷರಾ. ಕೇಳಿದೆ, ಮಾತಿಲ್ಲ. ಕೇಳಿದೆ, ಬರೀ ಗೊರಗೊರ. ಕೇಳಿದೆ, ಮಾತಿಲ್ಲ. ಪುಟಗಟ್ಟಲೆ ಅದೇ. ನಾಲ್ಕು ವರ್ಷದ ಬರಹ, ಕೊನೆಕೊನೆಗೆ ಅಕ್ಷರಗಳು ನಡುಗಿದ್ದವು. ಕೊನೆಯ ಪುಟದ ಕೊನೆಯ ಸಾಲು ಹೀಗಿತ್ತು: "ಕೆಮ್ಮು ಕೇಳಿತು. ಅಕ್ಕಾರದೋ ನನ್ನದೋ ತಿಳಿಯಲಿಲ್ಲ. ನಾಳೆ ಇನ್ನೊಮ್ಮೆ ಕೇಳಬೇಕು."

ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂತೆವು. ಬ್ಯಾಟರಿ ಒಳಗೇ ಇತ್ತು, ಯಾವಾಗಲೋ ಹೊಸದನ್ನು ಹಾಕಿಸಿದ್ದರು. ಆ ನಂಬರು ಹುಡುಕಿ ಹಚ್ಚಿದೆ. ಗೊರಗೊರ ಸದ್ದು ಬಂತು, ಮುಗಿಯಿತು. ಕೆಮ್ಮು ಇರಲಿಲ್ಲ. ಹೆಂಡತಿ ಪಾಟಿಯ ಮೇಲೆ ಬರೆದಳು: "ಇನ್ನೊಮ್ಮೆ ಹಚ್ಚ್ರಿ." ಹಚ್ಚಿದೆ. ಮೂರನೆಯ ಸಲ, ನಾಲ್ಕನೆಯ ಸಲ. ಅದರಲ್ಲಿ ಕೆಮ್ಮು ಇರಲೇ ಇಲ್ಲ. ಕೆಮ್ಮಿದವರು ಈಚೆ ಕೂತು ಕೇಳುತ್ತಿದ್ದ ಚಾಚಾನೇ.

ನನಗೆ ತಡೆಯಲಾಗಲಿಲ್ಲ. "ಅವತ್ತ ಚಾಚಾ ನನ್ನ ಕೇಳಿದ್ರು. ಫೋನ್ ಮಾಡಿ ಕೇಳಿದ್ರು. ಹ್ಞೂಂ, ಹಾಕ್ರಿ ಅಂದಾಂವ ನಾನ. ನಿನಗ ಸುಳ್ಳ ಹೇಳಿದೆ" ಎಂದೆ. ಹೇಳಿ, ಸಣ್ಣ ಹುಡುಗನಂತೆ ಅತ್ತೆ.

ಅವಳು ಹೆಡ್‌ಫೋನಿನ ವಾಯರನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಆಮೇಲೆ ಸೆರಗಿನಿಂದ ಪಾಟಿ ಒರೆಸಿ, ಬರೆದು, ನನ್ನ ಕಡೆ ತಿರುಗಿಸಿದಳು:

"ನನಗಲ್ಲ, ಅವ್ರಿಗೆ ಹೇಳಬೇಕಿತ್ತು."