ಹೋಳಿಗೆಗೆ ಹೆದರಿದ ಭಾನುವಾರ

ಹೋದ ಭಾನುವಾರ ಕಂಪ್ಲಿಯಲ್ಲಿ ನಾವು ಮೂವರು ಹೆಂಗಸರು ಒಂದು ಹೋಳಿಗೆಗೆ ಹೆದರಿದೆವು.

ನಗಬೇಡಿ. ಹೋಳಿಗೆ ಚೆನ್ನಾಗಿಯೇ ಇತ್ತು. ಆಗಷ್ಟೇ ಹಂಚಿನಿಂದ ಇಳಿದದ್ದು. ಮೇಲೆ ಬಿಸಿ ತುಪ್ಪ ಬಿದ್ದು ಮಿರಿಮಿರಿ ಮಿಂಚುತ್ತಿತ್ತು. ಮೂವರಿಗೂ ಹಸಿವಾಗಿತ್ತು. ಆದರೂ ಒಬ್ಬರ ಕೈಯೂ ತಟ್ಟೆಯ ಕಡೆ ಹೋಗಲಿಲ್ಲ. ಯಾಕೆ ಅಂತ ಹೇಳಬೇಕಾದರೆ ನನ್ನ ಒಂದು ಚಟದಿಂದ ಶುರು ಮಾಡಬೇಕು.

ನನಗೆ ಡಾರ್ಕ್ ಸೀರೀಸ್ ನೋಡುವ ಚಟ. ಅದರಲ್ಲೂ ‘ಕಾದಂಬರಿ ಆಧಾರಿತ’ ಅಂತ ಟೈಟಲ್‌ನಲ್ಲಿ ಬಂತೋ, ಮುಗಿಯಿತು. ಜಿರಲೆ ಕಂಡರೆ ಪಕ್ಕದ ಮನೆಯವರನ್ನು ಕೂಗುವವಳು ನಾನು. ಕಾಫಿ ಹೀರುತ್ತ ಕೊಲೆ ನೋಡುವುದೆಂದರೆ ಮಾತ್ರ ಪರಮ ಸುಖ. ಇದೇನು ವಿಚಿತ್ರ? ಎಪ್ಪತ್ತು ದಾಟಿದ ಮೇಲೆ ಜನ ಪುರಾಣ ಪ್ರವಚನದ ಕಡೆ ತಿರುಗುತ್ತಾರಂತೆ. (ಪುರಾಣದಲ್ಲೇನು ಕೊಲೆ ಕಡಿಮೆಯೇ?)

ಈ ಚಟಕ್ಕೆ ನನ್ನ ಪಾರ್ಟ್‌ನರ್ ಪಕ್ಕದ ಮನೆಯ ಶಾಂತಾ. ಮಧ್ಯಾಹ್ನದ ಊಟ ಮುಗಿಸಿ ಒಗ್ಗರಣೆ ಮಂಡಕ್ಕಿಯ ಡಬ್ಬಿ ಹಿಡಿದು ಬರುತ್ತಾಳೆ. ಹೊಸಪೇಟೆಯ ಮಧ್ಯಾಹ್ನದ ಬಿಸಿಲು ನಿಮಗೆ ಗೊತ್ತಲ್ಲ, ಕರ್ಟನ್ ಎಳೆದರೂ ಸಂದಿಯಲ್ಲಿ ನುಗ್ಗುತ್ತದೆ. ಈ ಸೀರೀಸ್‌ಗಳೋ, ಡಾರ್ಕ್ ಅಂದರೆ ಅಕ್ಷರಶಃ ಕತ್ತಲು. ಅವುಗಳಲ್ಲಿ ಯಾರೂ ಲೈಟ್ ಹಾಕುವುದಿಲ್ಲ. ಅರ್ಧ ಹೊತ್ತು ಪರದೆಯ ಮೇಲೆ ನಮಗೆ ಕಾಣುವುದು ಕೊಲೆಗಾರನಲ್ಲ, ಮಂಡಕ್ಕಿ ತಿನ್ನುತ್ತಿರುವ ನಾವಿಬ್ಬರೇ. ಕರೆಂಟ್ ಬಿಲ್ಲಿಗೆ ಅಂಜಿ ಹೀಗೆ ಮಾಡುತ್ತಾರೇನೋ ಎಂದು ಶಾಂತಾಳ ಅನುಮಾನ.

ನಮ್ಮ ಮೂರನೆಯ ವೀಕ್ಷಕಿ ವಿಮಲಾ, ಶಾಂತಾಳ ನಾದಿನಿ. ಇರುವುದು ಸಂಡೂರಿನಲ್ಲಿ. ಅಲ್ಲಿಯೇ ಅದೇ ಎಪಿಸೋಡ್ ನೋಡಿ, ಮುಗಿದ ತಕ್ಷಣ ಫೋನ್ ಮಾಡುತ್ತಾಳೆ.

ಇತ್ತೀಚೆಗೆ ಮೂವರೂ ಹೀಗೆ ನೋಡಿದ್ದು ಒಂದು ಅತ್ತೆ-ಸೊಸೆ ಕಥೆ. ಆ ಕಾದಂಬರಿ ನನಗೆ ಹಳೆಯ ಪರಿಚಯ. ಕಾನ್ವೆಂಟ್ ಹಾಸ್ಟೆಲ್‌ನಲ್ಲಿ ಮಾರಲ್ ಸೈನ್ಸ್ ಪುಸ್ತಕದ ರಟ್ಟಿನೊಳಗೆ ಅಡಗಿಸಿ ಓದಿದ್ದು. ಹೊಳೆ ದಂಡೆಯ ಊರಿನ ಸ್ಥಿತಿವಂತ ಮನೆ. ಅತ್ತೆ ಒಂದು ದಿನ ಸೊಸೆಯ ಹೋಳಿಗೆಗೆ ವಿಷ ಬೆರೆಸಿದ ತುಪ್ಪ ಬಡಿಸುತ್ತಾಳೆ.

ಪುಸ್ತಕದಲ್ಲಿ ಅದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಅತ್ತೆ ಬಡಿಸಿದಳು, ಸೊಸೆ ಉಂಡಳು, ಅಷ್ಟೇ. ಅಡುಗೆಮನೆಯ ಗೋಡೆ ಯಾವ ಬಣ್ಣ, ಅತ್ತೆ ಕೈ ಹೇಗೆ ಹಿಡಿದಳು, ಒಂದೂ ಇಲ್ಲ. ಅದನ್ನೆಲ್ಲ ತುಂಬಿಕೊಂಡವಳು ನಾನು. ಕೊಲೆಗಾತಿಗೆ ನಮ್ಮ ವಾರ್ಡನ್ ಸಿಸ್ಟರ್ ಮುಖ ಕೊಟ್ಟಿದ್ದೆ. (ಪಾಪ, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದ ಮಹಾತಾಯಿ. ಊಟದ ಹಾಲ್‌ನಲ್ಲಿ ಆಕೆಯ ಸೌಟು ಕಂಡರೆ ಮಾತ್ರ ಭಯ.) ಆಕೆಗೆ ಅದು ಗೊತ್ತಾಗಲೇ ಇಲ್ಲ. ಪುಸ್ತಕದ ಅನುಕೂಲ ಅದು. ಯಾರ ಮೇಲೆ ಕೊಲೆ ಹೊರಿಸಿದರೂ ಅದು ನಮ್ಮ ತಲೆಯೊಳಗೇ ಉಳಿಯುತ್ತದೆ.

ಟೀವಿಗೆ ಆ ಸೌಕರ್ಯ ಇಲ್ಲ. ಅದು ತೋರಿಸಲೇಬೇಕು. ನಿಜವಾದ ಗೋಡೆ ಬೇಕು, ನಿಜವಾದ ಒಲೆ ಬೇಕು, ನಿಜವಾದ ಕೈ ಬೇಕು.

ಎಂಥ ಕೈ ತೋರಿಸಿದರು ಅಂತೀರಿ! ಗಿಳಿಹಸಿರು ಗೋಡೆಯ ಅಡುಗೆಮನೆ. ಅತ್ತೆ ಹಿತ್ತಾಳೆಯ ಗಿಂಡಿ ಹಿಡಿದು ಬರುತ್ತಾಳೆ. ಎಡ ಅಂಗೈಯನ್ನು ಬಲ ಮೊಣಕೈಗೆ ಆನಿಸಿಕೊಂಡು, ಹೋಳಿಗೆಯ ಅಂಚಿನ ಸುತ್ತ ನಿಧಾನ ತುಪ್ಪ ಬಿಡುತ್ತಾಳೆ. ಕೊನೆಗೆ ಹಣೆಗೆ ಬೊಟ್ಟು ಇಟ್ಟ ಹಾಗೆ, ನಡುವೆ ಒಂದು ಹನಿ. ಆಮೇಲೆ ಮೃದುವಾಗಿ ಒಂದು ಮಾತು: ಬಿಸಿ ಐತಿ, ಜಲ್ದಿ ಉಣ್ಣು.

ಶಾಂತಾಳ ಕೈಯ ಮಂಡಕ್ಕಿ ಕೈಯಲ್ಲೇ ಉಳಿಯಿತು. ಆ ಕೊನೆಯ ಹನಿಗೆ ಮೈಯೆಲ್ಲ ಝುಂ ಅಂತು ಎಂದು ವಿಮಲಾ ಫೋನ್ ಮಾಡಿದಳು. ನಾನು ಮಾತ್ರ ದೊಡ್ಡ ಕ್ರಿಟಿಕ್ ಹಾಗೆ ತಲೆದೂಗಿದೆ. ಇಂಥ ಡೀಟೇಲ್ ಇವರಿಗೆ ಎಲ್ಲಿ ಸಿಗುತ್ತದೆ ಎಂದು ಕುತೂಹಲವೂ ಆಯಿತು.

ಅದಕ್ಕೆ ಉತ್ತರ ಸಿಕ್ಕಿದ್ದು ಕಂಪ್ಲಿಯಲ್ಲಿ.

ಶಾಂತಾಳ ಮಗಳು ಸಿಂಧು ತೋರಣಗಲ್ಲಿನ ಫ್ಯಾಕ್ಟರಿಯ ಲ್ಯಾಬ್‌ನಲ್ಲಿದ್ದಾಳೆ. ಅವಳಿಗೆ ಕಂಪ್ಲಿಯ ಹುಡುಗ ಬಸವರಾಜನ ಸಂಬಂಧ ಬಂದಿತ್ತು. ರೈಸ್ ಮಿಲ್ ನೋಡಿಕೊಳ್ಳುವವನು. ಹುಡುಗ-ಹುಡುಗಿ ಒಪ್ಪಿ ಆಗಿತ್ತು. ಶಿಫ್ಟ್ ಬಸ್ಸು ಹತ್ತುವಾಗ ಕಿವಿಗೆ ಹಚ್ಚಿದ ಫೋನನ್ನು ಮಗಳು ಮನೆ ಬಾಗಿಲಲ್ಲೇ ಇಳಿಸುತ್ತಾಳೆ ಎಂದು ಶಾಂತಾ ದೂರುತ್ತಿದ್ದಳು. (ದೂರಿನಲ್ಲಿ ಹಿಗ್ಗೇ ಹೆಚ್ಚು.) ಉಳಿದದ್ದು ಹುಡುಗನ ಮನೆ ನೋಡುವ ಶಾಸ್ತ್ರ. ಶಾಂತಾ, ಅವಳ ಗಂಡ, ಸಂಡೂರಿನಿಂದ ವಿಮಲಾ ದಂಪತಿ, ಹಿರಿಯಳು ಅಂತ ನಾನು. ಒಂದೇ ಕಾರಿನಲ್ಲಿ ಒತ್ತರಿಸಿಕೊಂಡು ಹೋದೆವು.

ಈ ಶಾಸ್ತ್ರದಲ್ಲಿ ಒಂದು ರೂಢಿ ಇದೆ. ಮನೆ ಮನಸ್ಸಿಗೆ ಬಂದರೆ ಸಿಹಿ ಉಂಡು ಏಳುತ್ತಾರೆ. ಬರದಿದ್ದರೆ ಏನೋ ನೆವ ಹೇಳಿ, ನೀರು ಕುಡಿದು ಹೊರಡುತ್ತಾರೆ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ತಟ್ಟೆಯೇ ಹೇಳುತ್ತದೆ.

ಬಾಳೆ ತೋಟಕ್ಕೆ ಬೆನ್ನು ಕೊಟ್ಟ ದೊಡ್ಡ ಮನೆ. ಹುಡುಗನ ತಾಯಿ ನಾಗವೇಣಿ ಬಾಗಿಲಿಗೇ ಬಂದು ಕೈ ಹಿಡಿದು ಕರೆದುಕೊಂಡರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಗಂಡಸರನ್ನು ಪಡಸಾಲೆಯಲ್ಲಿ ಕೂರಿಸಿ ನಮ್ಮನ್ನು ಸೀದಾ ಒಳಗೆ ನಡೆಸಿದರು. ಅಡುಗೆಮನೆಯ ಹೊಸ್ತಿಲು ದಾಟಿದ್ದೇ ವಿಮಲಾ ನನ್ನ ತೋಳು ಚಿವುಟಿದಳು.

ಗಿಳಿಹಸಿರು ಗೋಡೆ. ಗೋಡೆಯ ಗೂಡಿನಲ್ಲಿ ಹಿತ್ತಾಳೆಯ ಗಿಂಡಿ.

ನಾವು ಕೇಳುವ ಮೊದಲೇ ನಾಗವೇಣಿ ಹೇಳಿದರು, ನಮ್ಮ ಮನೆ ಟೀವಿಯಲ್ಲಿ ಬಂದಿದೆ ಅಂತ. ಶೂಟಿಂಗಿನವರು ವಾರಗಟ್ಟಲೆ ಇದ್ದರಂತೆ. (ಹಾಡಿಗೆ, ಪ್ರೀತಿಗೆ ಹಂಪಿಯ ಕಲ್ಲು. ಕೊಲೆಗೆ ಕಂಪ್ಲಿ. ಇದು ಯಾವ ನ್ಯಾಯ?) ಅತ್ತೆಯ ಪಾರ್ಟು ಮಾಡಿದ ನಟಿ ಭಾಳ ಛಲೋ ಹೆಣ್ಣುಮಗಳಂತೆ. ಪಕ್ಕದಲ್ಲೇ ಕೂತು, ನೀವು ಹೇಗೆ ಬಡಿಸುತ್ತೀರಿ ಎಂದು ಕೇಳಿ ಕೇಳಿ ಕಲಿತಳಂತೆ. ಹನಿ ಸರಿಯಾಗಿ ನಡುವೆ ಬೀಳುವವರೆಗೂ ಬಿಡಲಿಲ್ಲವಂತೆ.

“ಆ ಹನಿ ನಮ್ಮತ್ತಿ ಕಲಿಸಿದ್ದ್ರಿ,” ಎಂದರು ನಾಗವೇಣಿ. “ನಡುವ ಬಿದ್ರ ಉಂಡೋರ ಹೊಟ್ಟಿ ತಣ್ಣಗಿರತೈತಿ ಅಂತಿದ್ರು.”

ಸೀರೀಸ್ ಪೂರ್ತಿ ನೋಡಿದಿರಾ ಎಂದು ವಿಮಲಾ ಮೆಲ್ಲಗೆ ಕೇಳಿದಳು. ಇಲ್ಲವಂತೆ. ಮೊದಲನೆಯ ಭಾಗ ಮಾತ್ರ. ಅದರಲ್ಲಿ ಮದುವೆ ಇತ್ತು, ಮನೆ ಅರಮನೆಯ ಹಾಗೆ ಕಂಡಿತು. ಮುಂದಿನದನ್ನು ಹಚ್ಚಿಕೊಡು ಅಂದರೆ ಮಗ ಇವತ್ತು ನಾಳೆ ಅನ್ನುತ್ತಾನಂತೆ.

ಅಂದರೆ, ತಮ್ಮ ಕೈ ಏನು ಮಾಡಿತೆಂದು ಆಕೆಗೆ ಗೊತ್ತೇ ಇರಲಿಲ್ಲ.

ತಟ್ಟೆ ಬಂತು. ಹೋಳಿಗೆ ಬಂತು. ನಾಗವೇಣಿ ಗಿಂಡಿ ಹಿಡಿದು ಬಂದರು. ಎಡ ಅಂಗೈ ಬಲ ಮೊಣಕೈಗೆ. ಅಂಚಿನ ಸುತ್ತ ತುಪ್ಪ. ನಡುವೆ ಒಂದು ಹನಿ.

“ಬಿಸಿ ಐತ್ರಿ, ಜಲ್ದಿ ಉಣ್ರಿ.”

ವಿಮಲಾ ತನ್ನದು ಇವತ್ತು ಒಪ್ಪತ್ತು ಎಂದಳು. ಭಾನುವಾರ ಯಾವ ದೇವರ ಒಪ್ಪತ್ತೋ ಶಿವನೇ ಬಲ್ಲ, ಅವನ ದಿನ ಸೋಮವಾರ. ಶಾಂತಾ ಶುಗರ್ ಎಂದಳು. ಹಿಂದಿನ ದಿನವಷ್ಟೇ ನನ್ನ ಮನೆಯಲ್ಲಿ ಜಾಮೂನು ಕೇಳಿ ಹಾಕಿಸಿಕೊಂಡವಳು!

ನಾನು? ಲಿಟರೇಚರ್ ಓದಿದವಳು. ಕಥೆ ಬೇರೆ, ಬದುಕು ಬೇರೆ ಅಂತ ಇದೇ ಅಂಕಣದಲ್ಲಿ ನಿಮಗೆ ಎಷ್ಟು ಸಲ ಉಪದೇಶ ಮಾಡಿಲ್ಲ? ತಲೆಗೆ ಎಲ್ಲ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಅದು ತೊಡೆಯ ಮೇಲೆ ಕೂತೇ ಇತ್ತು. ನಾವು ಟೀವಿ ನೋಡುವಾಗ ನಮ್ಮ ಮೈ ಬೇರೆಯೇ ಕೂತು ನೋಡುತ್ತಿರುತ್ತದೆಯೇ? ನೋಡಿದ್ದನ್ನೆಲ್ಲ ನಂಬಿ, ನಮಗೆ ಹೇಳದೆ ಇಟ್ಟುಕೊಂಡಿರುತ್ತದೆಯೇ?

ಪಡಸಾಲೆಯಿಂದ ಶಾಂತಾಳ ಗಂಡನ ದನಿ ಕೇಳಿಸಿತು. ಇನ್ನೊಂದು ಹೋಳಿಗೆ ಬರಲಿ ಎನ್ನುತ್ತಿದ್ದರು. ಅವರು ನೋಡುವುದು ಕ್ರಿಕೆಟ್ ಮಾತ್ರ.

ನಾಗವೇಣಿ ನಮ್ಮ ಮೂರು ತಟ್ಟೆಗಳನ್ನೂ ನೋಡಿದರು. ಅಷ್ಟು ಹೊತ್ತು ಬಿಡುವಿಲ್ಲದೆ ಮಾತಾಡಿದ ದನಿ ಸಣ್ಣಗಾಯಿತು.

“ಮನಿ ಮನಸಿಗೆ ಬರಲಿಲ್ಲೇನ್ರಿ?”

ಶಾಂತಾ ನನ್ನ ಮುಖ ನೋಡಿದಳು. ಹೇಳದೆ ಎದ್ದರೆ ಸಂಬಂಧ ಅಲ್ಲಿಗೇ ಮುರಿಯುತ್ತದೆ. ಸಿಂಧು ಮನೆಯಲ್ಲಿ ಫೋನ್ ಹಿಡಿದು ಕಾಯುತ್ತಿದ್ದಳು. ಹೇಳಿದರೆ ಈ ಹೆಂಗಸಿನ ಗತಿ? ಹಿರಿಯಳು ಅಂತ ಕರೆದುಕೊಂಡು ಹೋದದ್ದು ಇಂಥ ಹೊತ್ತಿಗೇ ಇರಬೇಕು. ಹೇಳಿದೆ. ಆದಷ್ಟು ಚಿಕ್ಕದು ಮಾಡಿ, ಆದಷ್ಟು ಮೆತ್ತಗೆ ಮಾಡಿ.

ಆಕೆ ಗಿಂಡಿ ಹಿಡಿದುಕೊಂಡೇ ಮಣೆಯ ಮೇಲೆ ಕೂತರು. ಆಕೆಯ ಮೊದಲ ಪ್ರಶ್ನೆ ನಮ್ಮ ಬಗ್ಗೆ ಅಲ್ಲ, ಹುಡುಗಿ ಬದುಕಿದಳೋ ಇಲ್ಲವೋ ಅಂತ. ಇಲ್ಲ ಎಂದೆ. ಅತ್ತೆ ಯಾಕೆ ಹಾಗೆ ಮಾಡಿದಳು ಎಂದರು. ಟೀವಿಯಲ್ಲಿ ಆಸ್ತಿಗಾಗಿ, ಪುಸ್ತಕದಲ್ಲಿ ಕಾರಣವನ್ನೇ ಹೇಳಿಲ್ಲ ಎಂದೆ.

“ಕಾರಣ ಇಲ್ಲದ ಯಾರ್ ಹಾಕ್ತಾರ್ರಿ?”

ಕಾರಣ ಹೇಳದಿರುವುದನ್ನು ವಿಮರ್ಶಕರು ಸೈಕಲಾಜಿಕಲ್ ಡೆಪ್ತ್ ಅನ್ನುತ್ತಾರೆ. ನನಗಂತೂ ನಾಗವೇಣಿಯ ಎದುರು ಆ ಮಾತು ಬಾಯಿಗೆ ಬರಲಿಲ್ಲ.

ಆಕೆ ಎದ್ದು, ಆರಿದ ಹೋಳಿಗೆಗಳನ್ನು ತೆಗೆದು ಬೇರೆ ಬಿಸಿಯವನ್ನು ಹಾಕಿದರು. ಆಮೇಲೆ ಗಿಂಡಿಯನ್ನು ಶಾಂತಾಳ ಮುಂದೆ ಇಟ್ಟು, ತುಪ್ಪ ನೀವೇ ಹಾಕಿಕೊಳ್ಳಿ ಎಂದರು. ಬುಫೆಯಲ್ಲಿ ಉಂಡು ಬೆಳೆದ ಮಕ್ಕಳಿಗೆ ಇದು ದೊಡ್ಡ ಮಾತಲ್ಲ. ನಮ್ಮ ಕಡೆ ಬಡಿಸುವವಳು ಹಾಗೆ ಅಂದಳೆಂದರೆ, ತನ್ನ ಮನೆಯಲ್ಲಿ ತಾನೇ ಹೊರಗಿನವಳಾದ ಹಾಗೆ.

ಶಾಂತಾ ಗಿಂಡಿಯನ್ನೇ ನೋಡುತ್ತ ಕೂತಳು. ನನಗೆ ಅವಳ ಮನಸ್ಸು ಓದಲಾಗಲಿಲ್ಲ. (ಇಷ್ಟು ಥ್ರಿಲ್ಲರ್ ನೋಡಿ ಏನು ಬಂತು?) ಕೊನೆಗೆ ಅವಳು ಗಿಂಡಿಯನ್ನು ಹಿಂದಕ್ಕೆ ಸರಿಸಿ, ತನ್ನ ತಟ್ಟೆಯನ್ನು ಮುಂದೆ ಮಾಡಿದಳು.

“ನೀವ ಹಾಕ್ರಿ, ಬೀಗರ.”

ಬೀಗರು ಎಂದದ್ದು ಎಲ್ಲರಿಗೂ ಕೇಳಿಸಿತು. ನಾಗವೇಣಿಯ ಕಣ್ಣು ತುಂಬಿತು. ಶಾಂತಾ ಉಂಡಳು. ನಾನು ಉಂಡೆ. ವಿಮಲಾಳ ಒಪ್ಪತ್ತು ಎಲ್ಲಿ ಹೋಯಿತೋ, ಇನ್ನೊಂದು ಹಾಕಿಸಿಕೊಂಡಳು. ಆಗ ಗಮನಿಸಿದೆ. ನಾಗವೇಣಿ ಅಂಚಿನ ಸುತ್ತ ತುಪ್ಪ ಬಿಟ್ಟರು, ಗಿಂಡಿ ಎತ್ತಿಬಿಟ್ಟರು. ನಡುವಿನ ಹನಿ ಇರಲಿಲ್ಲ.

ಹೊರಡುವಾಗ ವಿಮಲಾ ಒಂದು ಮಾತು ಸೇರಿಸಿದಳು. ಸಂಡೂರಿನ ನೆಂಟರೆಲ್ಲ ಆ ಸೀರೀಸ್ ನೋಡಿದವರೇ, ಮದುವೆಯೊಳಗೆ ಗೋಡೆಗೆ ಬೇರೆ ಬಣ್ಣ ಹೊಡೆಸಿದರೆ ಒಳ್ಳೆಯದು ಅಂತ. ನಾಗವೇಣಿ ಆಗಲಿ ಎಂದು ತಲೆಯಾಡಿಸಿದರು.

ವಾಪಸ್ ಬರುವಾಗ ಕಾರಿನಲ್ಲಿ ಶಾಂತಾಳನ್ನು ಕೇಳಿದೆ, ಧೈರ್ಯ ಹೇಗೆ ಬಂತು ಅಂತ. ಅವಳು ಕಿಟಕಿಯ ಹೊರಗೆ ಗದ್ದೆ ನೋಡುತ್ತಿದ್ದಳು.

“ಧೈರ್ಯ ಎಲ್ಲಿದ್ ಬಂತು ಮೇಡಂ, ಅಂಜಿಕೊಂಡ ಉಂಡೆ. ನನ್ ಮಗಳು ಜೀವನ ಪೂರ್ತಿ ಆ ಕೈಲಿ ಉಣಾಕಿ. ನಾ ಒಂದ್ ಹೋಳಿಗಿ ಉಣದಿದ್ರ ಹೆಂಗ?”

ಅಂಜಿಕೆಯನ್ನು ಮನರಂಜನೆ ಅಂತ ವರ್ಷಗಟ್ಟಲೆ ನೋಡುತ್ತ ಬಂದವಳು ನಾನು. ಅಂಜಿಕೆಯನ್ನು ನುಂಗಿ ಉಣ್ಣುವುದನ್ನು ನೋಡಿದ್ದು ಇದೇ ಮೊದಲು. ಯಾವ ಎಪಿಸೋಡ್‌ನಲ್ಲೂ ಇದನ್ನು ಯಾಕೆ ತೋರಿಸುವುದಿಲ್ಲ?

ಇಲ್ಲಿಗೆ ಬರಹ ಮುಗಿಸಿ ಕಳಿಸುವವಳಿದ್ದೆ. ನಿನ್ನೆ ನಾಗವೇಣಿಯ ಫೋನ್ ಬಂತು. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೀರೀಸ್ ಪೂರ್ತಿ ನೋಡಿದರಂತೆ. ಅವನಿಗೆ ಮೊದಲೇ ಎಲ್ಲ ಗೊತ್ತಿತ್ತು, ಅವ್ವ ನೊಂದುಕೊಳ್ಳುತ್ತಾಳೆ ಅಂತ ಮುಚ್ಚಿಟ್ಟಿದ್ದ. ನಟಿ ಒಂದು ಚೂರೂ ತಪ್ಪಿಲ್ಲದೆ ಮಾಡಿದ್ದಾಳೆ ಎಂದು ಹೊಗಳಿದರು. ಆಮೇಲೆ, ಮಗನಿಗೆ ತುಪ್ಪ ಹಾಕಲು ಹೋದರೆ ಕೈ ನಡುವೆಯೇ ನಿಲ್ಲುತ್ತದೆ, ತನ್ನ ಕೈಯನ್ನು ತಾನೇ ನೋಡುತ್ತ ನಿಲ್ಲುತ್ತೇನೆ ಎಂದರು. ನಾನು ಮಾತು ತಿರುಗಿಸಿ, ಗೋಡೆಯ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದೆ.

“ಗ್ವಾಡಿಗಿ ಹಳದಿ ಹಚ್ಚಸಾಕತ್ತೀನ್ರಿ ಅಮ್ಮಾರ. ಕೈಗೆ ಏನ್ ಹಚ್ಚಲಿ?”