ಶಾಮರಾಯರು ಗುಣ ಮಾಡಿದ ಕಾಯಿಲೆ

ಹೊಗಳಿದರೆ ಮುಖ ಕೆಂಪಗಾಗಿ ಒಳಗೆ ಹೋಗಿಬಿಡುತ್ತಿದ್ದವರು ನಮ್ಮ ಕುಂದಾಪುರದಲ್ಲಿ ಒಬ್ಬರೇ, ದವಾಖಾನೆಯಲ್ಲಿ ರಕ್ತಪರೀಕ್ಷೆ ಮಾಡುವ ಶಾಮರಾಯರು. ಜನ ಅದನ್ನು ವಿನಯ ಎಂದುಕೊಂಡರು. ವಿನಯವೂ ಅಲ್ಲ, ಮಣ್ಣೂ ಅಲ್ಲ, ಶುದ್ಧ ನಾಚಿಕೆ.

ಅರವತ್ತೆರಡನೇ ಇಸವಿಯಲ್ಲಿ ಅಮಾಸೆಬೈಲಿನ ಗುಲಾಬಿಯ ಕಾಲಿಗೆ ಕತ್ತಿ ತಾಗಿ, ಗಾಯ ಕೀವುಗಟ್ಟಿ, ಜ್ವರ ನೆತ್ತಿಗೇರಿತ್ತು. ಡಾಕ್ಟರು ಉಡುಪಿಗೆ ಹೋಗಿದ್ದರು. ಶಾಮರಾಯರು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತದ ತುಂಬ ಬಿಳಿಕಣಗಳು, ಅವುಗಳಲ್ಲಿ ಎಷ್ಟೋ ಇನ್ನೂ ಬಲಿಯದವು. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಜಗಲಿಗೆ ಬಂದು, ಎಲ್ಲ ತಿಳಿದವರ ಹಾಗೆ, "ಇದ್ ರಕ್ತದ ಕ್ಯಾನ್ಸರ್" ಎಂದುಬಿಟ್ಟರು. ಇನ್ನು ಸೂಜಿ ಚುಚ್ಚಿಸಿ ಏನು ಪ್ರಯೋಜನ ಎಂದು ಗಂಡ ಅವಳನ್ನು ಮನೆಗೆ ಹೊತ್ತುಕೊಂಡು ಹೋದ.

ಸಂಜೆ ಡಾಕ್ಟರು ಬಂದು ನೋಡಿ ಸಿಡಿದರು. ಗಾಯದ ನಂಜು ವಿಪರೀತವಾದರೆ ಬಲಿತ ಕಣಗಳು ಸಾಲದೆ ಎಲುಬಿನೊಳಗಿನ ಮಜ್ಜೆ ಎಳೆಯವನ್ನೂ ಹೊರಗೆ ದಬ್ಬುತ್ತದೆ; ಮೋಡ ಕಂಡಾಗ ಕೊಯ್ಲಿಗೆ ಮಕ್ಕಳನ್ನೂ ಗದ್ದೆಗೆ ಇಳಿಸುವುದಿಲ್ಲವೇ, ಹಾಗೆ. ಕ್ಯಾನ್ಸರೂ ಇಲ್ಲ, ಏನೂ ಇಲ್ಲ. ಇಬ್ಬರೂ ಬಾಡಿಗೆ ಕಾರು ಹಿಡಿದು ಓಡಿದರು. ಗುಲಾಬಿಯ ಬಾಯಿಗೆ ಆಗಲೇ ತುಳಸಿನೀರು ಬಿಡುತ್ತಿದ್ದರು. ಪೆನಿಸಿಲಿನ್ ಕೊಟ್ಟರು, ಕೀವು ತೆಗೆದರು, ಹೆಂಗಸು ಬದುಕಿದಳು.

ಆದರೆ "ತಪ್ಪಾಯಿತು" ಎಂಬ ಒಂದು ಮಾತು ಶಾಮರಾಯರ ಬಾಯಿಂದ ಹೊರಡಲಿಲ್ಲ. ಡಾಕ್ಟರೂ ದವಾಖಾನೆಯ ಮಾನ ಕಾಯಲು ಸುಮ್ಮನಾದರು. ಶಾಮರಾಯರು ಕ್ಯಾನ್ಸರ್ ಕಂಡುಹಿಡಿದು ಗುಣವನ್ನೂ ಮಾಡಿಸಿದರು ಎಂದು ಊರೇ ತೀರ್ಮಾನಿಸಿತು. ಗುಲಾಬಿ ಪ್ರತಿ ವರ್ಷ ಸೌತೆಕಾಯಿ ಹೊತ್ತು ತಂದು ಕಾಲಿಗೆ ಬೀಳುವಳು. ಆ ಸೌತೆಕಾಯಿಯ ಹುಳಿಯನ್ನು ಅವರು ಬಡಿಸಿಕೊಳ್ಳುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅವಳು ಬೈಂದೂರಿನ ಶೀನ ಎಂಬವನನ್ನೂ ಅವನ ಮಗಳನ್ನೂ ಕರೆತಂದಳು. ಮಗಳಿಗೆ ರಕ್ತದ ಕ್ಯಾನ್ಸರ್ ಎಂದು ಮಂಗಳೂರಿನಲ್ಲಿ ಹೇಳಿದ್ದರು.

"ಹ್ವಾಯ್, ಹೆದ್ರಬೇಡಿ. ನನ್ನ ಗುಣ ಮಾಡ್ದರ್ ಇವ್ರೇ ಕಾಣಿ," ಎಂದಳು ಗುಲಾಬಿ.

ಹುಡುಗಿಗೆ ಗಾಯವಿಲ್ಲ, ಕೀವಿಲ್ಲ. ಕಣಗಳು ಮಾತ್ರ ಹೆಚ್ಚುಕಡಿಮೆ ಎಲ್ಲವೂ ಎಳೆಯವೇ. ಈ ಸಲ ಶಾಮರಾಯರು ಡಾಕ್ಟರನ್ನು ಕರೆದು ತೋರಿಸಿದರು. ಅವರೂ ಮಂಗಳೂರಿನವರು ಹೇಳಿದ್ದೇ ಸರಿ ಎಂದರು.

ಶಾಮರಾಯರು ಜಗಲಿಗೆ ಬಂದು ನೆಲ ನೋಡುತ್ತ ನಿಂತರು. "ಗುಲಾಬಿಗೆ ಆ ಸೀಕ್ ಇರ್ಲೇ ಇಲ್ಲೆ. ನಾನ್ ಹೇಳಿದ್ದೇ ತಪ್ಪ್. ನನ್ ದೆಸಿಂದ ಅವ್ಳ್ ಸಾಯ್ತಿದ್ಲ್."

ಗುಲಾಬಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿಂದೆ ಸರಿದಳು. ಶೀನ ಮಾತ್ರ ಮುಂದೆ ಬಂದು ಅವರ ಎರಡೂ ಕೈ ಹಿಡಿದುಕೊಂಡ.

"ಹಂಗಾರೆ ಇದೂ ತಪ್ಪೇ ಅಲ್ದಾ ಒಡೆಯ್ರೆ? ಇದೂ ತಪ್ಪಾಯ್ತ್ ಅಂದೇಳಿ ಹೇಳಿ."